ಕೊರಲೀ ಲೆಕ್ಕಕ್ಕೆ ಹಿಡಿಯದ ಜನ

ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಗೋಧಿ ಬೆಳೆಯುವ ಪುಟ್ಟ ಊರಾದ ವಾರಿಂಡದ ಗ್ರಂಥಾಲಯದಲ್ಲಿ ಒಂದು ಕಳೆಯುವ ಲೆಕ್ಕ ನಡೆಯುತ್ತಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಬಾಗಿಲು ತೆರೆದ ಒಂದು ದಿನವೂ ಅದು ತಪ್ಪಿರಲಿಲ್ಲ. ಬಾಗಿಲಿನ ಚೌಕಟ್ಟಿಗೆ, ಮೊಣಕಾಲಿನ ಎತ್ತರದಲ್ಲಿ, ಕೌನ್ಸಿಲ್ಲಿನವರು ಒಂದು ಎಣಿಕೆಯ ಯಂತ್ರ ಕೂರಿಸಿದ್ದರು. ಅದರ ಬೆಳಕಿಗೆ ಅಡ್ಡವಾಗಿ ಯಾರು ಹಾದರೂ ಒಂದು ಎಂದು ಎಣಿಸುವುದು ಅದರ ಕೆಲಸ. ಒಳಗೆ ಬಂದವರು ಹೊರಗೂ ಹೋಗಬೇಕಾದ್ದರಿಂದ ಗ್ರಂಥಪಾಲಕಿ ಕೊರಲೀ ಪೆನ್‌ಗ್ಲೇಸ್ ಮೊದಲು ಆ ಸಂಖ್ಯೆಯನ್ನು ಅರ್ಧ ಮಾಡುವಳು. ಆಮೇಲೆ ಪೆನ್ಸಿಲಿನ ಮೊನೆ ನೋಡಿಕೊಂಡು ಕಳೆಯಲು ತೊಡಗುವಳು. ತಾನು ಗಿಡಕ್ಕೆ ನೀರು ಹಾಕಲು ಹೋಗಿಬಂದದ್ದು ಒಂದು. ಅಂಚೆಯವಳು ಒಂದು. ಶೌಚಾಲಯ ಎಲ್ಲಿ ಎಂದು ಕೇಳಿಕೊಂಡು ಬಂದ ಲಾರಿ ಚಾಲಕ ಒಂದು. ಹೀಗೇ ಇನ್ನೂ ಹಲವರು. ಮುದುಕ ಕ್ಲೆಮ್ ಹಾರ್ಟ್‌ವಿಗ್‌ನ ನಾಯಿ ಸ್ಪಡ್ ಒಂದು. ಕೊನೆಗೆ ಕ್ಲೆಮ್ ಹಾರ್ಟ್‌ವಿಗ್ ಒಂದು.

ಈ ಪದ್ಧತಿಯನ್ನು ಹೇಳಿಕೊಟ್ಟವರು ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿ ಕುಳಿತಿದ್ದ ಮಿಸ್ ಆಡ್ಜರ್ಸ್. "ಪುಸ್ತಕಕ್ಕೆ ಅಂತ ಬಂದವರಷ್ಟೇ ಓದುಗರು. ಉಳಿದೋರೆಲ್ಲ ಬಿಸಿಲು ತಪ್ಪಿಸಿಕೊಳ್ಳೋಕೆ ಬಂದೋರು. ಊರಿನವರ ತೆರಿಗೆ ತಿಂದು ಸುಳ್ಳು ಲೆಕ್ಕ ಕೊಡಬಾರದು, ತಿಳೀತಾ?" ಎಂದು ಆಕೆ ನಿವೃತ್ತಿಯ ದಿನ ಹೇಳಿ, ಕೀಲಿಕೈಗೊಂಚಲನ್ನು ಮೇಜಿನ ಮೇಲಿಟ್ಟು ಹೋಗಿದ್ದರು. ಕೊರಲೀಗೆ ಆ ಮಾತು ಮನಸ್ಸಿಗೆ ಹಿಡಿಸಿತ್ತು. ಚಿಕ್ಕಂದಿನಿಂದಲೂ ಅವಳು ಲೆಕ್ಕದಲ್ಲಿ ಕಟ್ಟುನಿಟ್ಟು. ಬಿಡಿಸಿದ ಹೆಜ್ಜೆಗಳನ್ನು ತೋರಿಸದೆ ಬರಿಯ ಉತ್ತರ ಬರೆದರೆ ಅರ್ಧ ಅಂಕ ಕತ್ತರಿಸುತ್ತಿದ್ದ ಮೇಷ್ಟರ ಕೈಯಲ್ಲಿ ಕಲಿತವಳು. ಆದ್ದರಿಂದ ದಿನದ ಚೀಟಿಯ ಮುಂಭಾಗದಲ್ಲಿ ಉಳಿದ ಸಂಖ್ಯೆಯನ್ನು ಬರೆದರೆ, ಹಿಂಭಾಗದಲ್ಲಿ ಯಾರನ್ನು ಕಳೆದೆ, ಏಕೆ ಕಳೆದೆ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆದಿಡುವಳು. ಮುಂಭಾಗದ ಸಂಖ್ಯೆ ಕೌನ್ಸಿಲ್ಲಿಗೆ ಹೋಗುತ್ತಿತ್ತು. ಚೀಟಿ ಮಾತ್ರ ಮೇಜಿನ ಕೆಳಗಿನ ಬೂಟಿನ ಪೆಟ್ಟಿಗೆಗೆ ಬೀಳುತ್ತಿತ್ತು. ವರ್ಷಕ್ಕೊಂದು ಪೆಟ್ಟಿಗೆ.

ಅವಳಿಗೆ ಅರವತ್ತೆರಡು ವರ್ಷ. ರೈಲ್ವೇ ಟೆರೇಸ್ ಎಂಬ ಬೀದಿಯ ಕೊನೆಯಲ್ಲಿ, ಗೋಧಿ ತುಂಬಿಡುವ ಎತ್ತರದ ಸೈಲೋಗಳ ನೆರಳು ಮಧ್ಯಾಹ್ನ ಬೀಳುವ ಜಾಗದಲ್ಲಿ, ಅವಳ ಮನೆ. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಪರ್ತ್‌ನಲ್ಲಿದ್ದ ಅಣ್ಣ ಕ್ರಿಸ್‌ಮಸ್ಸಿಗೆ ಒಮ್ಮೆ ಫೋನ್ ಮಾಡಿ ಅಲ್ಲಿಯ ಸೆಕೆಯ ವಿಷಯ ಹೇಳುತ್ತಿದ್ದ. ಭಾನುವಾರ ಕುರಿಯ ಅರ್ಧ ತೊಡೆಯನ್ನು ಒಲೆಯಲ್ಲಿ ಹುರಿದರೆ ಅದು ಗುರುವಾರದವರೆಗೆ ಬರುತ್ತಿತ್ತು. ತಾಯಿ ಇದ್ದಾಗ ಮಂಗಳವಾರಕ್ಕೇ ಮುಗಿಯುತ್ತಿತ್ತು. ಶುಕ್ರವಾರ ಸಂಜೆ ಗ್ರಂಥಾಲಯಕ್ಕೆ ಬೀಗ ಹಾಕಿದ ಮೇಲೆ ಸೋಮವಾರ ಬೆಳಿಗ್ಗೆ ಹತ್ತರವರೆಗೆ ಅವಳು ಒಂದು ಮಾತನ್ನೂ ಆಡದಿದ್ದ ವಾರಗಳಿದ್ದವು. ಸೋಮವಾರದ ಮೊದಲ ಮಾತು ಕರಕರ ಎಂದು ಹೊರಬರುತ್ತಿತ್ತು. ಅದಕ್ಕಾಗಿಯೇ ಅವಳು ಬಾಗಿಲು ತೆರೆಯುವ ಮೊದಲು, ಜನ ಪುಸ್ತಕ ಹಿಂದಿರುಗಿಸುವ ಡಬ್ಬಿಯ ಮುಂದೆ ನಿಂತು, "ಗುಡ್ ಮಾರ್ನಿಂಗ್" ಎಂದು ಎರಡು ಸಲ ಹೇಳಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಆ ವರ್ಷ ಮಾರ್ಚಿನ ಒಂದು ಬಿಸಿ ಮಧ್ಯಾಹ್ನ ಬ್ರಾನ್ವಿನ್ ಲಾಫ್ಟಸ್ ಬಂದಳು. ಅರವತ್ತು ಕಿಲೋಮೀಟರು ದೂರದ ಪಟ್ಟಣದಲ್ಲಿದ್ದ ಕೌನ್ಸಿಲ್ ಕಚೇರಿಯಲ್ಲಿ ಊರುಗಳ ಸೇವೆಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಅವಳು. ವಯಸ್ಸು ಮೂವತ್ತನಾಲ್ಕಾದರೂ ಹಿರಿಯರ ಮುಂದೆ ಧ್ವನಿ ಏರಿಸದವಳು. ಕೈಯಲ್ಲಿ ಹದಿನಾಲ್ಕು ಪುಟದ ಒಂದು ಖಾಲಿ ನಮೂನೆ ಇತ್ತು.

"ದಿನಕ್ಕೆ ಹನ್ನೊಂದು ಜನ, ಕೊರಲೀ. ಮೀಟಿಂಗಿನಲ್ಲಿ ಒಬ್ಬರು ಕೇಳೇಬಿಟ್ರು, ಇದೇನು ಲೈಬ್ರರೀನಾ ಕ್ರಿಕೆಟ್ ಟೀಮಾ ಅಂತ."

"ಹನ್ನೊಂದು ಸರಿಯಾದ ಲೆಕ್ಕ," ಎಂದಳು ಕೊರಲೀ.

"ಸರಿಯಾಗಿರೋದೇ ತೊಂದರೆ. ಪಕ್ಕದೂರಿನವರು ಮೂವತ್ತು ಅಂತ ಬರ್ಕೊಂಡು ಬರ್ತಾರೆ. ನೋಡಿ, ನಿಮ್ಮ ಬಾಗಿಲು ಮುಚ್ಚೋಕೆ ನನಗೇನೂ ಖುಷಿ ಇಲ್ಲ. ಮೇ ಮೀಟಿಂಗಿನೊಳಗೆ ಒಂದು ಬಿಸಿನೆಸ್ ಪ್ಲಾನ್ ಬರೆದುಕೊಡಿ. ಮೂರು ವರ್ಷದ್ದು. ಅದು ಪಾಸಾಗದಿದ್ರೆ ಜೂನ್ ಮೂವತ್ತಕ್ಕೆ ಲೆಕ್ಕದ ವರ್ಷ ಮುಗಿಯತ್ತಲ್ಲ, ಆವತ್ತಿಗೇ ಬೀಗ. ಆಮೇಲೆ ಹದಿನೈದು ದಿನಕ್ಕೊಂದು ಸಲ ಪುಸ್ತಕದ ವ್ಯಾನು ಬರತ್ತೆ. ನಲವತ್ತು ನಿಮಿಷ ನಿಲ್ಲತ್ತೆ."

"ಎಲ್ಲಿ ನಿಲ್ಲತ್ತೆ?"

"ಪಬ್ಬಿನ ಎದುರಿಗೆ," ಎಂದು ಬ್ರಾನ್ವಿನ್ ನಾಚಿಕೆಯಿಂದ ಹೇಳಿದಳು.

ಅವಳು ಹೋದ ಮೇಲೆ ಕೊರಲೀ ನಮೂನೆಯನ್ನು ಓದಿದಳು. ನಿಮ್ಮ ಗ್ರಾಹಕರು ಯಾರು? ಗ್ರಾಹಕ ಎಂಬುದು ಕಸಾಯಿಯ ಅಂಗಡಿಯ ಮಾತು ಎಂದು ಅವಳಿಗೆ ಅನಿಸಿತು. ಅವರಿಗೆ ಬೇಕಾದದ್ದು ಏನು? ಅದನ್ನು ನೀವು ಕೊಡುತ್ತಿದ್ದೀರಾ? ಯಾವ ಹೊತ್ತಿನಲ್ಲಿ, ಯಾರ ಕೈಯಲ್ಲಿ, ಎಷ್ಟು ಖರ್ಚಿನಲ್ಲಿ? ಕೊನೆಯ ಪುಟದಲ್ಲಿ, ಮೂರು ವರ್ಷಗಳ ನಂತರ ನೀವು ಎಲ್ಲಿರುತ್ತೀರಿ ಎಂದಿತ್ತು. ಅರವತ್ತೈದರಲ್ಲಿ ಇರುತ್ತೇನೆ ಎಂಬುದನ್ನು ಬಿಟ್ಟು ಅವಳಿಗೆ ಬೇರೇನೂ ಹೊಳೆಯಲಿಲ್ಲ. ಮೊದಲ ಪುಟದಲ್ಲಿ ಗ್ರಾಹಕರು ಎಂಬುದರ ಎದುರಿಗೆ "ದಿನಕ್ಕೆ ಹನ್ನೊಂದು ಓದುಗರು" ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದಳು. ಎರಡು ವಾರ ಕಳೆದರೂ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಬೀಳಲಿಲ್ಲ.

ಕ್ಲೆಮ್ ಹಾರ್ಟ್‌ವಿಗ್ ಸೈಲೋದಲ್ಲಿ ನಲವತ್ತು ವರ್ಷ ಗೋಧಿ ತೂಗಿದ ಮನುಷ್ಯ. ಹೆಂಡತಿ ಐರಿಸಳನ್ನು ಕಳೆದುಕೊಂಡ ಎಪ್ಪತ್ತೆಂಟು ವರ್ಷದ ವಿಧುರ. ಬೆಳಿಗ್ಗೆ ಹತ್ತೂವರೆಗೆ ನಾಯಿಯೊಡನೆ ಬಂದು ತಣ್ಣನೆಯ ಗಾಳಿಯ ಯಂತ್ರದ ಕೆಳಗಿನ ಕುರ್ಚಿಯಲ್ಲಿ ಕೂತು, ಹಿಂದಿನ ದಿನದ ಪತ್ರಿಕೆಯನ್ನು ಒಂದೊಂದೇ ಹಾಳೆ ತಿರುವುತ್ತಿದ್ದ. ಪುಸ್ತಕ ಒಂದನ್ನೂ ಮುಟ್ಟಿದವನಲ್ಲ. ಎಂದಿನಂತೆ ಮಧ್ಯಾಹ್ನಕ್ಕೇ ಹೊರಡುವವನು ಒಂದು ದಿನ ಸೆಕೆ ತಗ್ಗಲೆಂದು ಸಂಜೆಯವರೆಗೂ ಉಳಿದ. ಅವಳು ಕಳೆಯುವ ಲೆಕ್ಕಕ್ಕೆ ಕೂತಾಗ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದ.

"ಇದೇನು, ನನ್ನ ಹೆಸರು ಬರ್ದಿದೀಯಲ್ಲ!"

"ಕಳೆಯೋಕೆ."

"ಏನು ಕಳೆಯೋಕೆ?"

"ಯಂತ್ರ ನಿನ್ನನ್ನೂ ಎಣಿಸಿಬಿಟ್ಟಿರತ್ತೆ, ಕ್ಲೆಮ್. ನೀನು ಪುಸ್ತಕ ತಗೊಳ್ಳಲ್ಲ. ಹಾಗಾಗಿ ಲೆಕ್ಕಕ್ಕೆ ಬರಲ್ಲ."

"ದಿನಾ ಕಳೀತೀಯಾ?"

"ದಿನಾ."

ಕ್ಲೆಮ್ ಇನ್ನೂ ಸ್ವಲ್ಪ ಬಗ್ಗಿದ. "ಮೇಲ್ಗಡೆ ಇರೋದು ಸ್ಪಡ್. ಕೆಳಗಡೆ ನಾನು. ಅಂದ್ರೆ ನಾಯೀದಾದ್ಮೇಲೆ ನಂದು."

"ಅದು ಬಾಗಿಲಲ್ಲಿ ಮೊದಲು ನುಗ್ಗತ್ತಲ್ಲ ಮಾರಾಯ, ಅದಕ್ಕೆ."

ಅವಳು ನಗಿಸಲೆಂದೇ ಹೇಳಿದ್ದು. ಅವನು ನಗಲಿಲ್ಲ. ಟೊಪ್ಪಿಗೆಯ ಅಂಚನ್ನು ಒಂದು ಸುತ್ತು ತಿರುಗಿಸಿ, "ಐರಿಸ್ ಹೋಗಿ ನಾಲ್ಕು ವರ್ಷ ಆಯ್ತು, ಕೊರಲೀ. ಈ ಊರಲ್ಲಿ ದಿನಾ ನನ್ನ ಹೆಸರು ಹಿಡಿದು ಕರೆಯೋದು ಇದೊಂದೇ ಜಾಗ. ಇಲ್ಲೂ ನಾನು ಬಂದಿರಲಿಲ್ಲ ಅನ್ನು," ಎಂದು ನಾಯಿಯನ್ನು ಕರೆದುಕೊಂಡು ಹೊರಟುಹೋದ. ಯಂತ್ರ ಇಬ್ಬರನ್ನೂ ಎಣಿಸಿತು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಪತ್ರಿಕೆ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಅವನು ಇರುವಾಗ ಅವರಿಬ್ಬರೂ ಹೆಚ್ಚು ಮಾತನಾಡುತ್ತಿದ್ದರೆಂದೇನೂ ಅಲ್ಲ. ಆದರೆ ಹಾಳೆ ತಿರುವುವ ಸದ್ದು ಎಷ್ಟು ದೊಡ್ಡದಾಗಿತ್ತೆಂಬುದು ಅದು ನಿಂತ ಮೇಲೆ ಅವಳಿಗೆ ತಿಳಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಸ್ವಲ್ಪ ಹೊತ್ತು ಗ್ರಂಥಾಲಯದಲ್ಲಿ ಯಾರೂ ಇರಲಿಲ್ಲ. ಕ್ಲೆಮ್ ಮೊದಲು ಬಂದದ್ದು ಯಾವಾಗ ಎಂದು ನೋಡಬೇಕೆನಿಸಿ ಅವಳು ನಾಲ್ಕು ವರ್ಷದ ಹಿಂದಿನ ಪೆಟ್ಟಿಗೆಯನ್ನು ಎಳೆದು ಚೀಟಿಗಳ ಹಿಂಭಾಗವನ್ನು ಓದತೊಡಗಿದಳು. ಬರೆದಿಟ್ಟ ಮೇಲೆ ಅವನ್ನು ಅವಳು ಮತ್ತೆ ಓದಿದ್ದು ಅದೇ ಮೊದಲು.

"ಕ್ಲೆಮ್ ಹಾರ್ಟ್‌ವಿಗ್. ಹೆಂಡತಿ ಸತ್ತದ್ದಕ್ಕೆ ತುಂಬಬೇಕಾದ ಅರ್ಜಿಗಳು. ತುಂಬಿಕೊಟ್ಟೆ. ಎರಡು ಗಂಟೆ ಸುಮ್ಮನೆ ಕೂತ. ಕಳೆದಿದೆ."

ಅವಳು ಇನ್ನೊಂದು ಪೆಟ್ಟಿಗೆ ತೆರೆದಳು. "ಮಾರಿಸೋಲ್, ಡೆನಿಸ್‌ನ ಹೆಂಡತಿ, ಫಿಲಿಪೀನ್ಸಿನವಳು. ಪೌರತ್ವದ ಅರ್ಜಿ. ಓದಿ ಹೇಳಿದೆ. ಕಳೆದಿದೆ." ಮತ್ತೊಂದರಲ್ಲಿ, "ಊರಿನ ಬ್ಯಾಂಕು ಮುಚ್ಚಿತು. ಕಂಪ್ಯೂಟರಿನಲ್ಲಿ ಪಿಂಚಣಿ ಬಂದಿದೆಯೇ ನೋಡಲು ಏಳು ಜನ. ಕಳೆದಿದೆ." ಒಂದು ಚೀಟಿಯ ಮೇಲೆ ಅವಳ ಕೈ ಬಹಳ ಹೊತ್ತು ನಿಂತಿತು. "ಒಬ್ಬ ಹೆಂಗಸು. ಹೆಸರು ಹೇಳಲಿಲ್ಲ. ತುಟಿ ಒಡೆದಿತ್ತು. ಫೋನ್ ಬೇಕೆಂದಳು. ತಂಗಿಯ ಕಾರು ಬಂದ ಮೇಲೆ ಹಿಂದಿನ ಬಾಗಿಲಿನಿಂದ ಕಳಿಸಿದೆ. ಯಂತ್ರವನ್ನು ಒಂದೇ ಸಲ ಹಾದಿದ್ದಾಳೆ. ಅರ್ಧ ಕಳೆದಿದೆ."

ಆ ಅರ್ಧವನ್ನು ನೋಡಿ ಕೊರಲೀ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಗ್ರಾಹಕರು ಯಾರು ಎಂದು ನಮೂನೆ ಕೇಳಿದ್ದಕ್ಕೆ ಉತ್ತರವನ್ನು ಅವಳು ಹತ್ತೊಂಬತ್ತು ವರ್ಷಗಳಿಂದ ಕಾಗದದ ತಪ್ಪು ಮಗ್ಗುಲಲ್ಲಿ ಬರೆಯುತ್ತ ಬಂದಿದ್ದಳು.

ಸಂಜೆ ಬಾಗಿಲು ಹಾಕಿಕೊಂಡು ನೇರವಾಗಿ ಕ್ಲೆಮ್‌ನ ಮನೆಗೆ ಹೋದಳು. ಅವನು ಗೇಟಿನ ಹತ್ತಿರ ಗುಲಾಬಿ ಗಿಡದ ರೆಂಬೆ ಕತ್ತರಿಸುತ್ತಿದ್ದ.

"ಕ್ಲೆಮ್, ನಿನ್ನನ್ನ ಲೆಕ್ಕಕ್ಕೆ ಸೇರಿಸ್ತಿದೀನಿ. ನಾಲ್ಕು ವರ್ಷದ್ದೂ."

ಅವನು ಕತ್ತರಿ ನಿಲ್ಲಿಸಲಿಲ್ಲ. "ಸ್ಪಡ್‌ನ?"

"ನಾಯಿ ಇಲ್ಲ."

"ಅದಕ್ಕೆ ಬೇಜಾರಾಗತ್ತೆ."

"ಆಗಲಿ. ನನಗೆ ಚೀಟಿ ಓದಿ ಹೇಳೋಕೆ ಒಂದು ಗಂಟಲು ಬೇಕು. ನಾಳೆ ಐದಕ್ಕೆ ಬರ್ತೀಯಾ?"

"ಟೀ ಕೊಡ್ತೀಯಾ?"

"ಲ್ಯಾಮಿಂಗ್ಟನ್ ಕೇಕೂ ಇರತ್ತೆ. ಅಂಗಡೀದು. ನಾನು ಮಾಡಿದ್ದಲ್ಲ."

"ಹಾಗಾದ್ರೆ ಬರ್ತೀನಿ," ಎಂದ ಕ್ಲೆಮ್.

ಏಪ್ರಿಲ್ ಪೂರ್ತಿ, ಬಾಗಿಲು ಹಾಕಿದ ಮೇಲೆ ಒಂದೊಂದು ಗಂಟೆ, ಅವನು ಓದಿದ, ಅವಳು ಗೆರೆ ಎಳೆದು ಲೆಕ್ಕ ಹಿಡಿದಳು. ಹೆಸರುಗಳನ್ನು ಅವನು ಓದಬಾರದೆಂದು ಅವಳು ಮೊದಲೇ ಅವುಗಳ ಮೇಲೆ ಕಾಗದದ ಪಟ್ಟಿ ಅಂಟಿಸಿಡುತ್ತಿದ್ದಳು. ಅಂಥ ಊರಿನಲ್ಲಿ ಇದರಿಂದ ಏನೂ ಪ್ರಯೋಜನವಿರಲಿಲ್ಲ. "ಹಿಂದಿನ ವಾರ ಹಲ್ಲಿನ ಸೆಟ್ಟು ಇಲ್ಲೇ ಮರೆತುಹೋದೋನು ಅಂತೆ. ಯಾರಿರಬಹುದು, ನನಗೆ ಗೊತ್ತೇ ಇಲ್ಲಪ್ಪ," ಎಂದು ಕ್ಲೆಮ್ ಗಂಭೀರವಾಗಿ ಹೇಳುವನು. ಹತ್ತೊಂಬತ್ತು ವರ್ಷವನ್ನೂ ಎಣಿಸಲು ಆಗಲಿಲ್ಲ. ಕಡೆಯ ಮೂರು ವರ್ಷ ಮುಗಿಸಿದರು. ಪುಸ್ತಕಕ್ಕೆ ಬಂದವರು ದಿನಕ್ಕೆ ಹನ್ನೊಂದು. ಲೆಕ್ಕದಿಂದ ಕಳೆದವರು, ನಾಯಿ, ಅಂಚೆಯವಳು, ಕೊರಲೀ ಇವರನ್ನು ಬಿಟ್ಟು, ದಿನಕ್ಕೆ ಮೂವತ್ತನಾಲ್ಕು.

ಆಮೇಲೆ ನಮೂನೆ ತಾನಾಗಿ ತುಂಬಿತು. ಜನರಿಗೆ ಬೇಕಾದದ್ದು ಅರ್ಜಿ ತುಂಬುವ ಸಹಾಯ, ಕಂಪ್ಯೂಟರು, ಒಂದು ಫೋನು, ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸುಪು, ಮತ್ತು ಒಂದು ಕುರ್ಚಿ. ಎಷ್ಟೋ ಚೀಟಿಗಳಲ್ಲಿ "ಎಂಟೂವರೆಯಿಂದ ಮೆಟ್ಟಿಲ ಮೇಲೆ ಕಾದಿದ್ದರು" ಎಂದಿತ್ತು. "ಶನಿವಾರ ತೆರೆಯುವುದಿಲ್ಲವೇ ಎಂದು ಕೇಳಿದರು" ಎಂದಿತ್ತು. ಹಾಗಾದರೆ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಶನಿವಾರವೂ ಸೇರಿ, ತೆರೆದಿಡಬೇಕು. ಕೌನ್ಸಿಲ್ ಇನ್ನೊಂದು ಕಾಸನ್ನೂ ಹೆಚ್ಚಿಗೆ ಕೊಡುವುದಿಲ್ಲ. ಈಗಿರುವ ಒಂದು ಪೂರ್ಣ ಕೆಲಸವನ್ನು ಎರಡು ಅರ್ಧ ಕೆಲಸಗಳಾಗಿ ಒಡೆದು, ನಡುವಿನ ಹೊತ್ತಿಗೆ ಊರಿನವರೇ ಸರದಿಯಂತೆ ಕೂತರೆ ಮಾತ್ರ ಅದು ನಡೆಯುವಂಥದ್ದು. ಈಗಿರುವ ಒಂದು ಪೂರ್ಣ ಕೆಲಸವೆಂದರೆ ಕೊರಲೀಯದು.

ಆ ಎರಡರಲ್ಲಿ ಒಂದು ಅರ್ಧವನ್ನು ಅವಳು ತನಗೇ ಇಟ್ಟುಕೊಳ್ಳಬಹುದಿತ್ತು. ಭಾನುವಾರ ಮಧ್ಯಾಹ್ನ ಮನೆಯಲ್ಲಿ, ಹುರಿದ ಮಾಂಸ ತಟ್ಟೆಯಲ್ಲಿ ತಣ್ಣಗಾಗುತ್ತಿರುವಾಗ, ಅವಳು ಪೆನ್ಸಿಲಿನಲ್ಲಿ ಹಾಗೆಯೇ ಬರೆದಳು. ಬರೆದು, ಎಂದಿನ ಅಭ್ಯಾಸದಂತೆ, ಬಿಡಿಸಿದ ಹೆಜ್ಜೆಗಳನ್ನು ಸರಿನೋಡಲು ಚೀಟಿಗಳ ಪಟ್ಟಿಗೆ ಹೋದಳು. ಅಲ್ಲಿ ಅವಳದೇ ಅಕ್ಷರದಲ್ಲಿ, ಮೂರು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಸಲ, ಒಂದೇ ಮಾತು ಇತ್ತು: "ಕಂಪ್ಯೂಟರಿನ ಅರ್ಜಿ. ನನಗೆ ತಿಳಿಯಲಿಲ್ಲ. ಪಟ್ಟಣದ ಕಚೇರಿಗೆ ಕಳಿಸಿದೆ." ಅರವತ್ತು ಕಿಲೋಮೀಟರು. ಅವರಲ್ಲಿ ಎಷ್ಟು ಜನರಿಗೆ ಕಾರಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದ್ದದ್ದು ಪುಸ್ತಕ. ಹನ್ನೊಂದು ಜನರ ಕೆಲಸ ಅವಳಿಗೆ ಬರುತ್ತಿತ್ತು. ಮೂವತ್ತನಾಲ್ಕು ಜನರದು ಬರುತ್ತಿರಲಿಲ್ಲ.

ಯಾರನ್ನಾದರೂ ಕೇಳಬೇಕೆನಿಸಿತು. ತಾಯಿಯಿದ್ದಿದ್ದರೆ, ಮೊದಲು ಊಟ ಮಾಡು, ಆಮೇಲೆ ಯೋಚನೆ ಮಾಡುವಿಯಂತೆ ಎನ್ನುತ್ತಿದ್ದಳು. ಪರ್ತ್‌ಗೆ ಫೋನ್ ಮಾಡಿದರೆ ಅಣ್ಣ ಯಾರು ಸತ್ತರು ಎಂದು ಗಾಬರಿಪಡುತ್ತಿದ್ದ. ಸೈಲೋದ ನೆರಳು ಅಡುಗೆಮನೆಯ ಕಿಟಕಿಯನ್ನು ದಾಟಿ ನಲ್ಲಿಯವರೆಗೆ ಬಂತು. ಕೊರಲೀ ರಬ್ಬರು ತೆಗೆದುಕೊಂಡು ತನ್ನ ಹೆಸರನ್ನು ಅಳಿಸಿದಳು. ಅಲ್ಲಿ "ಅರ್ಜಿಗಳನ್ನೂ ಕಂಪ್ಯೂಟರನ್ನೂ ಚೆನ್ನಾಗಿ ಬಲ್ಲ ಇಬ್ಬರು" ಎಂದು ಬರೆದು, ರಬ್ಬರಿನ ಪುಡಿಯನ್ನು ಅಂಗೈಯಿಂದ ಒಟ್ಟುಮಾಡಿ ಸಿಂಕಿಗೆ ಹಾಕಿದಳು.

ಮೀಟಿಂಗಿಗೆ ಕಳಿಸುವ ಮೊದಲು ಕ್ಲೆಮ್‌ಗೆ ಓದಲು ಕೊಟ್ಟಳು. ಅವನು ಪತ್ರಿಕೆ ಓದುವ ನಿಧಾನದಲ್ಲೇ ಹದಿನಾಲ್ಕು ಪುಟಗಳನ್ನೂ ಓದಿ ಮುಗಿಸಿ, ಮೊದಲಿನಿಂದ ಮತ್ತೊಮ್ಮೆ ತಿರುವಿದ.

"ನಾನು ಇದೀನಿ, ಮೂರನೇ ಪುಟ. ಹಲ್ಲಿನ ಸೆಟ್ಟೂ ಇದೆ. ಇದರಲ್ಲಿ ನೀನು ಎಲ್ಲಿದೀಯ?"

"ನಾನಿಲ್ಲ."

"ಕೆಲಸದವರ ಪಟ್ಟಿ ಇರೋ ಒಂಬತ್ತನೇ ಪುಟ ತಪ್ಪಾಗಿದೆ ಅನ್ನು."

"ಸರಿಯಾಗೇ ಇದೆ, ಕ್ಲೆಮ್. ಎರಡು ಸಲ ನೋಡಿದೀನಿ."

ಅವನು ಬಗ್ಗಿ ನಾಯಿಯ ಕಿವಿ ಸವರಿದ. ಆಮೇಲೆ, "ನೀನು ಭಾರಿ ಮೂರ್ಖಳು ಕಣೆ," ಎಂದ. ಅಷ್ಟು ಮೆತ್ತಗೆ ಅವನು ಯಾರನ್ನೂ ಬೈದದ್ದು ಅವಳು ಕೇಳಿರಲಿಲ್ಲ.

ಮೇ ತಿಂಗಳ ಮೀಟಿಂಗಿನಲ್ಲಿ ಅವಳು ಚೀಟಿಗಳ ಒಂದು ಪೆಟ್ಟಿಗೆಯನ್ನೂ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಯಾರೂ ಅದನ್ನು ತೆರೆಯಿರಿ ಎನ್ನಲಿಲ್ಲ. ಕ್ರಿಕೆಟ್ಟಿನ ಮಾತೆತ್ತಿದ್ದ ಸದಸ್ಯರೇ, "ನಲವತ್ತೈದು ಅಂದ್ರೆ ನಾಲ್ಕು ಟೀಮು, ಮೇಲೊಬ್ಬ ಅಂಪೈರು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ತಾಯಿ?" ಎಂದು ಕೇಳಿದಾಗ ಎಲ್ಲರೂ ನಕ್ಕರು. ಒಂಬತ್ತರಲ್ಲಿ ಏಳು ಕೈಗಳು ಎದ್ದವು. ಹೊರಗೆ ಕಾರಿನ ಹತ್ತಿರ ಬ್ರಾನ್ವಿನ್ ಅವಳ ಮೊಣಕೈ ಹಿಡಿದು, "ಒಂದು ಅರ್ಧ ಕೆಲಸ ನಿಮಗೇ ಇಟ್ಕೋಬಹುದಿತ್ತು. ನಾನು ಬೇಡ ಅಂತಿರಲಿಲ್ಲ," ಎಂದಳು.

"ನೀವು ಅಂತಿರಲಿಲ್ಲ. ಚೀಟಿ ಅಂದುಬಿಡ್ತು," ಎಂದಳು ಕೊರಲೀ.

ಜೂನ್ ಮೂವತ್ತು ಶುಕ್ರವಾರ. ಅವಳ ಬೀಳ್ಕೊಡುಗೆಗೆ ಸ್ಕೋನ್ ಎಂಬ ಬನ್ನು, ಜಾಮು, ಕೆನೆ, ಟೀ ಆದವು. ಊರಿನವರು ಗೋಡೆಗೆ ಹಾಕುವ ಒಂದು ಗಡಿಯಾರ ಕೊಟ್ಟರು. ಅರ್ಧ ಕೆಲಸಗಳಲ್ಲಿ ಒಂದು ಮಾರಿಸೋಲ್‌ಗೆ ಸಿಕ್ಕಿತ್ತು. ಎಂಟು ವರ್ಷದ ಹಿಂದೆ ಪೌರತ್ವದ ಅರ್ಜಿ ಹಿಡಿದು ಬಂದಿದ್ದವಳು ಈಗ ಶಾಲೆಯ ಕಚೇರಿಯಲ್ಲಿ ಕೆಲಸ ಮಾಡಿ ಪಳಗಿದ್ದಳು. ಕೊರಲೀ ಕೀಲಿಕೈಗೊಂಚಲನ್ನು ಮೇಜಿನ ಮೇಲಿಟ್ಟಳು. ಮಿಸ್ ಆಡ್ಜರ್ಸ್ ಹೇಳಿದಂಥ ಮಾತೊಂದನ್ನು ಹೇಳಬೇಕೆಂದುಕೊಂಡಿದ್ದವಳು, "ಗಿಡಕ್ಕೆ ಗುರುವಾರ ನೀರು," ಎಂದಷ್ಟೇ ಹೇಳಿ ಮನೆಗೆ ಹೋದಳು.

ಜುಲೈ ಎಂದರೆ ಅಲ್ಲಿ ನಡುಚಳಿಗಾಲ. ಸೋಮವಾರ ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬಿದ್ದು ಬೆಳ್ಳಗಾಗಿತ್ತು. ಒಲೆಗೆ ಎರಡು ಕೊರಡು ಹಾಕಿದಳು. ಹೊಸ ಗಡಿಯಾರವನ್ನು ಗೋಡೆಗೆ ಹಾಕಿರಲಿಲ್ಲ. ಮೇಜಿನ ಮೇಲೆ ಅಂಗಾತ ಮಲಗಿಕೊಂಡೇ ಅದು ಟಿಕ್ ಟಿಕ್ ಎನ್ನುತ್ತಿತ್ತು. ಶುಕ್ರವಾರದ ಗಿಡದ ಮಾತೇ ಕೊನೆ. ಅಲ್ಲಿಂದ ಈಚೆಗೆ ಅವಳು ಮಾತನಾಡಿರಲಿಲ್ಲ. ಹತ್ತಾಯಿತು, ಹತ್ತೂಕಾಲಾಯಿತು. ಈಗ ಬಾಗಿಲು ಎಂಟಕ್ಕೇ ತೆರೆದಿರುತ್ತದೆ ಎಂದುಕೊಂಡಳು. ಕೋಟು ಹಾಕಿ, ತೆಗೆದು, ಮತ್ತೆ ಹಾಕಿಕೊಂಡು ಹೊರಟಳು.

ಗ್ರಂಥಾಲಯದ ಬಾಗಿಲಲ್ಲಿ ಒಂದು ಕ್ಷಣ ನಿಂತು ಎಣಿಕೆಯ ಯಂತ್ರದ ಕೆಂಪು ಚುಕ್ಕೆಯನ್ನು ನೋಡಿದಳು. ಹಾದು ಒಳಗೆ ಬಂದಳು. ಕೈ ತಾನಾಗಿಯೇ ಚೀಲದಲ್ಲಿ ಪೆನ್ಸಿಲು ಹುಡುಕಿತು.

ಕ್ಲೆಮ್ ಅವನ ಕುರ್ಚಿಯಲ್ಲಿದ್ದ. ಕಾಲಡಿಯಲ್ಲಿ ಸ್ಪಡ್ ಇತ್ತು. ಕಂಪ್ಯೂಟರುಗಳ ಮುಂದೆ ಮೂವರು ಕುಳಿತಿದ್ದರು. ಮಾರಿಸೋಲ್ ಒಬ್ಬ ಮುದುಕಿಗೆ ಪರದೆಯ ಮೇಲೆ ಬೆರಳಿಟ್ಟು ಏನನ್ನೋ ತೋರಿಸಿ, ಮೇಜಿಗೆ ಹಿಂದಿರುಗಿ, ಹೊಸ ಚೀಟಿಯೊಂದನ್ನು ಮುಂದೆಳೆದುಕೊಂಡಳು. ಬಂದವರೆಲ್ಲರನ್ನೂ ಏಕೆ ಬಂದಿರಿ ಎಂದು ಕೇಳಿ ಮುಂಭಾಗದಲ್ಲೇ ಬರೆಯಬೇಕೆಂಬುದು ಯೋಜನೆಯ ಐದನೆಯ ಪುಟದಲ್ಲಿತ್ತು.

"ಕೊರಲೀ! ಬನ್ನಿ, ಬನ್ನಿ. ಪುಸ್ತಕಕ್ಕಾ?"

ಅವಳು ಕೆಮ್ಮಿದಳು.

"ಅಲ್ಲ," ಎಂದಳು. ಧ್ವನಿ ಕರಕರ ಎನ್ನುತ್ತಿತ್ತು. "ಸುಮ್ಮನೆ ಕೂರೋಕೆ. ಹಾಗಂತಲೇ ಬರೀ."

ಮಾರಿಸೋಲ್ ತಲೆಯೆತ್ತಿ ಅವಳನ್ನು ನೋಡಿದಳು. ಆಮೇಲೆ ತಗ್ಗಿ, ಸ್ಪಷ್ಟವಾದ ಅಕ್ಷರದಲ್ಲಿ ಬರೆದುಕೊಂಡಳು. ಕ್ಲೆಮ್ ಪಕ್ಕದ ಕುರ್ಚಿಯ ಮೇಲಿಂದ ತನ್ನ ಟೊಪ್ಪಿಗೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಪತ್ರಿಕೆಯ ಓದಿ ಮುಗಿಸಿದ ಹಾಳೆಗಳನ್ನು ಬಿಡಿಸಿ ಅವಳತ್ತ ಚಾಚಿದ.